ಒಡೆದ ನಟ್ಟನ್ನು ಅವರ ಕೈಗೆ ಕೊಟ್ಟು ಕೆಟ್ಟೆ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಯಾವುದೋ ವಸ್ತು ಕೆಟ್ಟು, ಅದರಿಂದ ಬೇರೆ ಸಾಮಾನೂ ಹಾಳಾಗಿದ್ದರೆ, ಆ ಕೆಟ್ಟ ವಸ್ತುವನ್ನು ಕಂಪನಿಯವರ ಕೈಗೆ ಸುಮ್ನೆ ಕೊಟ್ಟು ಕಳಿಸಬೇಡಿ. ಅದರ ಒಂದು ಚೂರನ್ನೂ ಕೊಡಬೇಡಿ. ನಾನು ಕೊಟ್ಟೆ. ಹೆಬ್ಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು ಅದು. ಕೊಟ್ಟ ತಪ್ಪಿಗೆ ಹನ್ನೊಂದು ತಿಂಗಳು ಅಲೆದೆ.

ಬಟ್ಟೆ ಒಗೆಯುವ ಮಷೀನಿಗೆ ನಲ್ಲಿಯಿಂದ ನೀರು ತರುವ ಪೈಪ್ ಇರುತ್ತದಲ್ಲ, ಅದರ ತುದಿಯ ಬಿಳಿ ನಟ್ಟು ಒಂದು ರಾತ್ರಿ ಸೀಳಿಕೊಂಡಿತು. ಮಷೀನ್ ಆಗ ಓಡುತ್ತಲೂ ಇರಲಿಲ್ಲ. ನೀರನ್ನು ತಡೆಯುವ ವಾಲ್ವ್ ಇರುವುದು ಮಷೀನಿನ ಒಳಗೆ, ಪೈಪಿನ ಆ ಕೊನೆಯಲ್ಲಿ. ನಲ್ಲಿ ತೆರೆದೇ ಇದ್ದರೆ ಪೈಪಿನೊಳಗೆ ಹಗಲೂ ರಾತ್ರಿ ಒತ್ತಡ ಇದ್ದೇ ಇರುತ್ತದೆ. ಇದು ನನಗೆ ಅವತ್ತಿನ ತನಕ ಹೊಳೆದಿರಲೇ ಇಲ್ಲ. ರಾತ್ರಿ ಮನೆಯಲ್ಲಿ ಯಾರೂ ಇರಲಿಲ್ಲ. ಬೆಳಿಗ್ಗೆ ಬಂದು ಬಾಗಿಲು ತೆಗೆದರೆ ಒಳಗೆ ಚಪ್ಪಲಿ ತೇಲುತ್ತಿತ್ತು.

ಆಮೇಲೆ ಕುತೂಹಲಕ್ಕೆ ಅದೇ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಅಳೆದೆ. 20 ಲೀಟರ್ ತುಂಬಲು ಎರಡು ನಿಮಿಷ. ಅಂದರೆ ನಿಮಿಷಕ್ಕೆ 10 ಲೀಟರ್. ಆರು ಗಂಟೆ ಸುರಿದಿದ್ದರೂ 3,600 ಲೀಟರ್ ಆಯಿತು. ಪುಸ್ತಕದ ಕಪಾಟಿನ ಕೆಳಗಿನ ಎರಡು ಸಾಲು ಉಬ್ಬಿ ಇಟ್ಟಿಗೆಯಂತಾಗಿದ್ದವು. ನೆಲದ ಮೇಲಿದ್ದ ಕಂಪ್ಯೂಟರ್, ಹಾಸಿಗೆ, ಬೀರುವಿನ ಬುಡ ಎಲ್ಲಾ ಹೋಯಿತು. ಸಾಲದ್ದಕ್ಕೆ ನೀರು ಕೆಳಗಿನ ಮನೆಯವರ ಛಾವಣಿಗೂ ಇಳಿದಿತ್ತು.

ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ದನಿ ತುಂಬಾ ಸೌಮ್ಯವಾಗಿತ್ತು. ‘ಸರ್, ನಿಮ್ಮ ಮಷೀನ್ ಇನ್ನೂ ವಾರಂಟಿಯಲ್ಲಿದೆ. ಹೊಸ ಪೈಪ್ ಉಚಿತವಾಗಿ ಹಾಕಿಕೊಡುತ್ತೇವೆ’ ಅಂದಿತು. ಮೊಣಕಾಲ ತನಕ ಪ್ಯಾಂಟ್ ಮಡಚಿಕೊಂಡು ನೀರಲ್ಲಿ ನಿಂತವನಿಗೆ ಉಚಿತ ಪೈಪ್! ಆದರೂ ಅವತ್ತೇ ಮಧ್ಯಾಹ್ನ ಹುಡುಗನೊಬ್ಬನನ್ನು ಕಳಿಸಿದರು. ಎಷ್ಟು ಒಳ್ಳೆಯ ಕಂಪನಿ ಅಂದುಕೊಂಡೆ. ಅವನು ಬಂದ, ನೋಡಿದ, ‘ಲ್ಯಾಬಿಗೆ ಕಳಿಸಬೇಕು ಸರ್’ ಅಂತ ಹಳೆಯ ಪೈಪನ್ನೂ ನಟ್ಟಿನ ಎರಡು ಹೋಳನ್ನೂ ಕವರಿಗೆ ಹಾಕಿಕೊಂಡ. ತನ್ನ ಮೊಬೈಲ್ ಮುಂದೆ ಹಿಡಿದು ಬೆರಳಲ್ಲಿ ಸಹಿ ಮಾಡಿಸಿಕೊಂಡ. ಏನಕ್ಕೆ ಸಹಿ ಅಂತ ನಾನು ಕೇಳಲಿಲ್ಲ. ದೂರು ಬಗೆಹರಿದಿದೆ, ಗ್ರಾಹಕರಿಗೆ ತೃಪ್ತಿಯಾಗಿದೆ ಅಂತ ಅದರಲ್ಲಿ ಬರೆದಿತ್ತು. ಗೊತ್ತಾಗಿದ್ದು ನಾಲ್ಕು ತಿಂಗಳ ನಂತರ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿದ್ದನ್ನು ಅವನು ಮಾಡಿದ.

ಮೂರು ವಾರಕ್ಕೆ ಉತ್ತರ ಬಂತು. ನಟ್ಟನ್ನು ಅಗತ್ಯಕ್ಕಿಂತ ಜಾಸ್ತಿ ಬಿಗಿ ಮಾಡಿದ್ದರಿಂದ ಒಡೆದಿದೆ, ತಯಾರಿಕೆಯ ದೋಷ ಇಲ್ಲ, ಹಾಗಾಗಿ ಹೊಣೆಯೂ ಇಲ್ಲ. ಬಿಗಿ ಮಾಡಿದ್ದು ನೀವೇ ಕಳಿಸಿದ ಮೆಕ್ಯಾನಿಕ್ ಅಲ್ವಾ ಅಂದೆ. ಮುಂದಿನ ಪತ್ರದಲ್ಲಿ ಕಾರಣ ಬದಲಾಯಿತು. ಈಗ ನಮ್ಮ ಮನೆಯ ನೀರಿನ ಒತ್ತಡವೇ ಜಾಸ್ತಿ. ಲ್ಯಾಬ್ ವರದಿ ಕೊಡಿ ಅಂದರೆ ಅದು ಒಳಗಿನ ಕಾಗದ, ಕೊಡಲಾಗದು. ನಟ್ಟು ವಾಪಸ್ ಕೊಡಿ ಅಂದರೆ ಪರೀಕ್ಷೆ ಮುಗಿದ ಮೇಲೆ ವಿಲೇವಾರಿ ಮಾಡಿದ್ದೇವೆ. ಕಸಕ್ಕೆ ಹಾಕಿದ್ದೇವೆ ಅನ್ನುವುದಕ್ಕೆ ಎಷ್ಟು ಚಂದದ ಮಾತು ನೋಡಿ.

ಪ್ಲಾಸ್ಟಿಕ್ ಅಚ್ಚಿನ ಕೆಲಸ ಗೊತ್ತಿರುವ ಪರಿಚಯದ ಎಂಜಿನಿಯರ್ ಒಬ್ಬರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಮಾತು: ‘ತುಂಡು ಎಲ್ಲಿ?’ ಇಲ್ಲ ಅಂದೆ. ‘ಹಾಗಾದರೆ ನಾನು ಏನು ನೋಡಲಿ?’

ಅವರು ಬಿಡಿಸಿ ಹೇಳಿದ ಮೇಲೆ ನಾನು ಕಳೆದುಕೊಂಡಿದ್ದು ಏನು ಅಂತ ಅರ್ಥವಾಯಿತು. ಒಡೆದ ಮೈ ಸುಳ್ಳು ಹೇಳುವುದಿಲ್ಲವಂತೆ. ಬಿರುಕು ದಿನಾ ಒಂದಿಷ್ಟು ಬೆಳೆದು ಕೊನೆಗೆ ಸೀಳಿದ್ದರೆ ಅಲೆ ಬಂದು ಹೋದ ಮರಳಿನ ಹಾಗೆ ಗೆರೆಗಳು ಕಾಣಬಹುದು. ಒಂದೇ ಏಟಿಗೆ ಒಡೆದಿದ್ದರೆ ಮೈ ಬೇರೆ ಥರ. ಇನ್ನೊಂದು ವಿಷಯವಂತೂ ನನಗೆ ಹೊಸದು. ಕರಗಿದ ಪ್ಲಾಸ್ಟಿಕ್ಕು ಅಚ್ಚಿನೊಳಗೆ ಎರಡು ಕಡೆಯಿಂದ ಸುತ್ತಿ ಬಂದು ಒಂದು ಜಾಗದಲ್ಲಿ ಕೂಡಿಕೊಳ್ಳುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಸ್ವಲ್ಪ ಆರಿದ್ದರೆ ಬೆಸುಗೆ ಸರಿಯಾಗಿ ಕೂರುವುದಿಲ್ಲ. ಹೊರಗಿನಿಂದ ನೋಡಿದರೆ ಕೂದಲಿನಷ್ಟು ತೆಳು ಗೆರೆ, ಕೆಲವೊಮ್ಮೆ ಅದೂ ಕಾಣುವುದಿಲ್ಲ. ನಟ್ಟು ಅದೇ ಗೆರೆಯ ಉದ್ದಕ್ಕೆ ಸೀಳಿದ್ದರೆ ಬೆರಳು ತಯಾರಕರ ಕಡೆಗೆ ತಿರುಗುತ್ತದೆ. ಪಾನ ಹಾಕಿ ಅತಿಯಾಗಿ ತಿರುಗಿಸಿದ್ದರೆ ಅಂಚಿನಲ್ಲಿ, ಹಲ್ಲಿನಲ್ಲಿ ಅದರ ಗುರುತು ಉಳಿದಿರುತ್ತದೆ. ಇಷ್ಟೂ ಕತೆ ಆ ಹೆಬ್ಬೆರಳ ಗಾತ್ರದ ತುಂಡಿನಲ್ಲಿತ್ತು. ನಾನೇ ಕವರ್ ಹಿಡಿದು ತುಂಬಲು ಸಹಾಯ ಮಾಡಿದ್ದೆ!

ಫೋಟೋ? ತೆಗೆದಿದ್ದೆ. ನಲವತ್ತಕ್ಕೂ ಜಾಸ್ತಿ. ಎಲ್ಲಾ ನೀರಿನದು. ನಟ್ಟು ಒಂದೇ ಒಂದರಲ್ಲಿ, ಬಕೆಟ್ ಹಿಂದೆ ಮಸುಕಾಗಿ.

1963ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ತೀರ್ಮಾನಿಸಿದ ಪ್ರಕರಣ ಒಂದಿದೆ. ಹೆಂಡತಿ ಉಡುಗೊರೆ ಕೊಟ್ಟ ಮರಗೆಲಸದ ಯಂತ್ರದಲ್ಲಿ ಒಬ್ಬರು ಮರ ಕಡೆಯುತ್ತಿದ್ದಾಗ ಮರದ ತುಂಡು ಚಿಮ್ಮಿ ಹಣೆಗೆ ಬಡಿಯಿತು. ಯಂತ್ರದ ಭಾಗಗಳನ್ನು ಹಿಡಿದಿಡುವ ಸಣ್ಣ ಸ್ಕ್ರೂಗಳು ಸಾಲುತ್ತಿರಲಿಲ್ಲ, ಮಾಮೂಲಿ ನಡುಕಕ್ಕೇ ಭಾಗ ಜರುಗುತ್ತಿತ್ತು ಅಂತ ತಜ್ಞರು ಸಾಕ್ಷಿ ನುಡಿದರು. ದೋಷವಿರುವ ವಸ್ತು ಮಾರುಕಟ್ಟೆಗೆ ಬಂದು ಜನರಿಗೆ ಗಾಯವಾದರೆ, ತಯಾರಕ ಎಚ್ಚರ ತಪ್ಪಿದ ಅಂತ ಬೇರೆ ಸಾಬೀತು ಮಾಡಬೇಕಿಲ್ಲ, ಅವನೇ ಹೊಣೆ ಅಂತ ಕೋರ್ಟು ಹೇಳಿತು. ಐರೋಪ್ಯ ಒಕ್ಕೂಟದ ಈಗಿನ ಸದಸ್ಯ ದೇಶಗಳಿಗೆ ಇದೇ ಹಾದಿಯ ನಿಯಮ ಬಂದದ್ದು 1985ರ ನಿರ್ದೇಶನದಿಂದ. ಜಪಾನಿನ ಕಾಯ್ದೆ 1995ರಲ್ಲಿ ಜಾರಿಯಾಯಿತು. ಭಾರತದ 2019ರ ಗ್ರಾಹಕ ಕಾಯ್ದೆಯಲ್ಲೂ ಇದಕ್ಕೆ ಒಂದು ಅಧ್ಯಾಯವೇ ಇದೆ.

ಇದನ್ನೆಲ್ಲ ಓದಿ ನಾನು ಗೆದ್ದೆ ಅಂದುಕೊಂಡಿದ್ದೆ. ಕಂಪನಿಯ ಅಜಾಗರೂಕತೆ ತೋರಿಸಬೇಕಿಲ್ಲ ಅಂದರೆ ಏನನ್ನೂ ತೋರಿಸಬೇಕಿಲ್ಲ ಅಂತ ಅರ್ಥ ಅಲ್ಲ. ವಸ್ತುವಿನಲ್ಲಿ ದೋಷ ಇತ್ತು, ನನಗೆ ನಷ್ಟ ಆಯಿತು, ಆ ದೋಷದಿಂದಲೇ ಈ ನಷ್ಟ ಆಯಿತು. ಈ ಮೂರನ್ನು ಸಾಮಾನ್ಯವಾಗಿ ಕೇಳುವವನೇ ತೋರಿಸಬೇಕು. ನನ್ನ ಹತ್ತಿರ ನಡುವಿನದು ಮಾತ್ರ ಇತ್ತು.

ಹಾಗಂತ ಪರೀಕ್ಷೆಗೆ ಕೊಡಲೇ ಬಾರದು ಅಂತಲ್ಲ. ನೋಡದೆ ಹಣ ಕೊಡಿ ಅಂದರೆ ಯಾವ ಕಂಪನಿಯೂ ಕೊಡುವುದಿಲ್ಲ, ಅದು ನ್ಯಾಯವೂ ಅಲ್ಲ. ಮನೆಗೇ ಬಂದು ನೋಡಲಿ, ಅಳೆಯಲಿ, ಫೋಟೋ ತೆಗೆಯಲಿ. ಕೊಡಲೇಬೇಕಾಗಿ ಬಂದರೆ ಮೊದಲು ಪಕ್ಕದಲ್ಲಿ ಸ್ಕೇಲ್ ಇಟ್ಟು ಎಲ್ಲಾ ಕಡೆಯಿಂದ ಚಿತ್ರ ತೆಗೆಯಿರಿ. ಒಡೆದ ಮುಖ, ಅಚ್ಚಿನ ಗುರುತು, ಮಷೀನಿನ ಕ್ರಮಸಂಖ್ಯೆ ಯಾವುದನ್ನೂ ಬಿಡಬೇಡಿ. ಎರಡು ಹೋಳನ್ನು ಕೂಡಿಸಿ ನೋಡುವ ಆಸೆ ಬರುತ್ತದೆ, ಮಾಡಬೇಡಿ. ಉಜ್ಜಿದರೆ ಒಡೆದ ಮೈಯ ಗುರುತು ಹಾಳಾಗುತ್ತದೆ. ಯಾವ ತುಂಡು, ಯಾರಿಗೆ, ಯಾವ ದಿನ ಕೊಟ್ಟದ್ದು ಅಂತ ರಸೀದಿ ಬರೆಸಿಕೊಳ್ಳಿ. ನನಗೆ ತಿಳಿಸದೆ ಕತ್ತರಿಸಬಾರದು, ಎಸೆಯಬಾರದು, ಪರೀಕ್ಷೆಯ ನಂತರ ವಾಪಸ್ ಬರಬೇಕು ಅನ್ನುವ ಸಾಲು ಅದರಲ್ಲೇ ಇರಲಿ. ಈ ಒಂದು ಸಾಲು ನನ್ನ ಹತ್ತಿರ ಇದ್ದಿದ್ದರೆ ‘ವಿಲೇವಾರಿ’ ಅನ್ನುವ ಪದ ಅವರಿಗೇ ತಿರುಗುಬಾಣ ಆಗುತ್ತಿತ್ತು.

ವಾರಂಟಿ ಕಾರ್ಡು ನನ್ನನ್ನು ಇನ್ನೊಂದು ಥರ ಹೆದರಿಸಿತು. ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಬಿಡಿಭಾಗ ಬದಲಿಸುವುದಷ್ಟೇ ನಮ್ಮ ಕೆಲಸ, ಅದರಿಂದಾದ ಬೇರೆ ನಷ್ಟಕ್ಕೆ ನಾವು ಹೊಣೆಯಲ್ಲ ಅಂತಿತ್ತು. ನಾನು ಅದನ್ನು ನಂಬಿ ಎರಡು ತಿಂಗಳು ತೆಪ್ಪಗೆ ಕೂತೆ. ವಾರಂಟಿ ಬೇರೆ, ಪರಿಹಾರ ಬೇರೆ. ವಾರಂಟಿ ಮಷೀನನ್ನು ರಿಪೇರಿ ಮಾಡುತ್ತದೆ. ಮಷೀನು ಹಾಳು ಮಾಡಿದ ಬೇರೆ ವಸ್ತುಗಳದ್ದು ಇನ್ನೊಂದು ಲೆಕ್ಕ. ಕಾರ್ಡಿನಲ್ಲಿ ಕೈ ತೊಳೆದುಕೊಂಡ ಮಾತ್ರಕ್ಕೆ ಕಾನೂನು ಹೊರಿಸಿದ ಹೊಣೆ ಎಲ್ಲಾ ಕಡೆ ಇಳಿಯುವುದಿಲ್ಲ. ಆ 1985ರ ಐರೋಪ್ಯ ನಿರ್ದೇಶನವಂತೂ ಇಂಥ ಷರತ್ತು ಹಾಕಿ ತಯಾರಕ ತಪ್ಪಿಸಿಕೊಳ್ಳುವಂತಿಲ್ಲ ಅಂತ ನೇರವಾಗಿಯೇ ಹೇಳುತ್ತದೆ.

ಕೆಳಗಿನ ಮನೆಯವರ ಛಾವಣಿ ಬಗ್ಗೆ ಕಂಪನಿ ಹೇಳಿದ್ದು ಇನ್ನೂ ತಮಾಷೆ. ‘ಅವರು ನಮ್ಮ ಗ್ರಾಹಕರೇ ಅಲ್ಲ.’ ಈ ವಾದ ತೀರಿಹೋಗಿ ತೊಂಬತ್ತು ವರ್ಷದ ಮೇಲಾಯಿತು. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಡೊನಹ್ಯೂ ಅನ್ನುವ ಹೆಂಗಸಿಗೆ ಗೆಳತಿಯೊಬ್ಬರು ಶುಂಠಿ ಪಾನೀಯ ಕೊಡಿಸಿದರು. ಬಾಟಲಿ ಕಪ್ಪು ಗಾಜಿನದು, ಒಳಗೆ ಏನಿದೆ ಅಂತ ಕಾಣದು. ಅರ್ಧ ಕುಡಿದ ಮೇಲೆ ಉಳಿದದ್ದನ್ನು ಬಗ್ಗಿಸಿದರೆ ಕೊಳೆತ ಬಸವನಹುಳು ಬಂತು ಅನ್ನುವುದು ಆಕೆಯ ದೂರು. ದುಡ್ಡು ಕೊಟ್ಟು ಕೊಂಡವರು ಗೆಳತಿ, ಡೊನಹ್ಯೂಗೂ ತಯಾರಕರಿಗೂ ಯಾವ ಕರಾರೂ ಇರಲಿಲ್ಲ. ಆದರೂ ವಸ್ತುವನ್ನು ಕೊನೆಗೆ ಬಳಸುವವರ ಬಗ್ಗೆ ತಯಾರಕ ಎಚ್ಚರ ವಹಿಸಲೇಬೇಕು ಅಂತ 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ನಿನ್ನ ಕೆಲಸದಿಂದ ಯಾರಿಗೆ ತೊಂದರೆ ಆಗಬಹುದೋ ಅವರೇ ಕಾನೂನಿನ ಕಣ್ಣಿಗೆ ನಿನ್ನ ನೆರೆಯವರು ಅನ್ನುವ ವಿಚಾರ ಬಂದಿದ್ದು ಅಲ್ಲೇ. ನನ್ನ ವಿಷಯದಲ್ಲಿ ನೆರೆಯವರು ನಿಜವಾಗಿಯೂ ಕೆಳಗಿನ ಮನೆಯಲ್ಲೇ ಇದ್ದರು. ಅಂದ ಹಾಗೆ, ಬಾಟಲಿಯಲ್ಲಿ ಹುಳು ಇತ್ತೋ ಇಲ್ಲವೋ ಅಂತ ವಿಚಾರಣೆ ಆಗಲೇ ಇಲ್ಲ. ಕೋರ್ಟಿನ ಹೊರಗೆ ರಾಜಿಯಾಯಿತು. ನನ್ನ ನಟ್ಟಿನ ಹಾಗೆಯೇ.

ಇನ್ನು ನನ್ನದೇ ದಡ್ಡತನಗಳು. ಒದ್ದೆ ಹಾಸಿಗೆ, ಪುಸ್ತಕ ಎರಡನೇ ದಿನವೇ ವಾಸನೆ ಹೊಡೆಯತೊಡಗಿದವು. ಪಟ್ಟಿ ಮಾಡದೆ, ಸರಿಯಾಗಿ ಚಿತ್ರ ತೆಗೆಯದೆ ಎಲ್ಲವನ್ನೂ ಹೊರಗೆ ಹಾಕಿದೆ. ನಷ್ಟ ಬೆಳೆಯದ ಹಾಗೆ ನೋಡಿಕೊಳ್ಳುವುದೂ ನಮ್ಮ ಮೇಲೇ ಇರುತ್ತದೆ. ನೀರು ನಿಲ್ಲಿಸಬೇಕು, ಒರೆಸಬೇಕು, ಒಣಗಿಸಬೇಕು. ಹಾಗೇ ಬಿಟ್ಟು ಬೂಷ್ಟು ಹಿಡಿಸಿದರೆ ಆ ಪಾಲನ್ನು ಕಳೆಯುತ್ತಾರೆ. ಆದರೆ ಎಸೆಯುವ ಮೊದಲು ಒಂದೊಂದನ್ನೂ ಚಿತ್ರದಲ್ಲಿ ಹಿಡಿಯಲು ಎಷ್ಟು ಹೊತ್ತು ಬೇಕಿತ್ತು?

ಪಟ್ಟಿ ಬರೆದಾಗಲೂ ಎಡವಿದೆ. ಐದು ವರ್ಷ ಹಳೆಯ ಕಂಪ್ಯೂಟರಿಗೆ ಹೊಸದರ ಬೆಲೆ ಹಾಕಿದೆ. ಹಾಸಿಗೆಗೂ ಹಾಗೇ. ಕೊನೆಗೆ ಮಾನಸಿಕ ಹಿಂಸೆ ಅಂತ ದೊಡ್ಡ ಮೊತ್ತ ಸೇರಿಸಿದೆ, ಸಿಟ್ಟಿನಲ್ಲಿ. ಹಳೆಯ ವಸ್ತುವಿಗೆ ಸವಕಳಿ ಕಳೆದೇ ಲೆಕ್ಕ ಹಾಕುತ್ತಾರೆ. ಅವರ ವಕೀಲರು ಎಲ್ಲಾ ಬಿಟ್ಟು ಆ ಕಂಪ್ಯೂಟರನ್ನೇ ಹಿಡಿದುಕೊಂಡರು. ಇದೇ ಇಷ್ಟು ಉಬ್ಬಿದ್ದರೆ ಉಳಿದದ್ದು ಹೇಗೋ ಅನ್ನುವ ಧಾಟಿ. ಪ್ರಾಮಾಣಿಕ ಲೆಕ್ಕವೂ ಅದರ ಜೊತೆ ಮುಳುಗಿತು.

ಫೋನ್ ಕರೆಗಳನ್ನಂತೂ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಹೊಸ ದನಿ, ಪ್ರತಿ ಸಲ ಮೊದಲಿನಿಂದ ಕತೆ, ಪ್ರತಿ ಸಲ ‘ಮೇಲಿನವರಿಗೆ ತಿಳಿಸಿದ್ದೇವೆ ಸರ್’. ಕೈಯಲ್ಲಿ ಒಂದು ಕಾಗದವೂ ಉಳಿಯಲಿಲ್ಲ. ಆರನೇ ತಿಂಗಳಿಂದ ಬರಹದಲ್ಲಿ ಮಾತ್ರ ಮಾತಾಡಿದೆ. ಆಗ ಅವರ ದನಿಯೂ ಬದಲಾಯಿತು. ಈ ಎಳೆದಾಟದಲ್ಲಿ ಒಂದು ಅಪಾಯ ಇದೆ. ದಾವೆ ಹೂಡಲು ಗಡುವು ಇರುತ್ತದೆ. ಭಾರತದ ಗ್ರಾಹಕ ಕಾಯ್ದೆಯಲ್ಲಿ ಸಾಮಾನ್ಯವಾಗಿ ಎರಡು ವರ್ಷ. 1985ರ ಐರೋಪ್ಯ ನಿಯಮದಲ್ಲಿ ನಷ್ಟ, ದೋಷ, ತಯಾರಕ ಯಾರು ಅನ್ನುವುದು ಗೊತ್ತಾದಲ್ಲಿಂದ ಮೂರು ವರ್ಷ. ಫೋನಿನಲ್ಲಿ ಸಮಾಧಾನ ಮಾಡುತ್ತಿದ್ದಾರೆ ಅಂತ ಆ ಗಡಿಯಾರ ತಾನಾಗಿ ನಿಲ್ಲುತ್ತದೆ ಅಂದುಕೊಳ್ಳಬೇಡಿ.

ಹನ್ನೊಂದನೇ ತಿಂಗಳು ‘ಸೌಹಾರ್ದದ ನೆಲೆಯಲ್ಲಿ’ ಒಂದು ಮೊತ್ತ ಕೊಡುತ್ತೇವೆ ಅಂದರು. ನನ್ನ ತಿದ್ದಿದ ಪಟ್ಟಿಯ ಕಾಲು ಭಾಗ. ಜೊತೆಗೆ ಎರಡು ಪುಟದ ಒಪ್ಪಂದ. ನಮ್ಮ ತಪ್ಪು ಅಂತ ಒಪ್ಪುತ್ತಿಲ್ಲ, ಮುಂದೆ ಏನೂ ಕೇಳಬಾರದು, ನಮ್ಮ ಹೆಸರು ಎಲ್ಲೂ ಹೇಳಬಾರದು. ಇಲ್ಲಿ ಕಂಪನಿಯ ಹೆಸರು ಇಲ್ಲದಿರುವುದು ಅದಕ್ಕೇ. ಇವೆಲ್ಲ ಮಾಮೂಲು. ಏಳನೇ ಸಾಲಿನಲ್ಲಿ ಇನ್ನೊಂದು ಇತ್ತು: ಈ ಘಟನೆಯ ಬಗ್ಗೆ ಬೇರೆ ಯಾರಾದರೂ ಕಂಪನಿಯಿಂದ ಹಣ ಕೇಳಿದರೆ ಅದನ್ನು ನಾನೇ ತುಂಬಿಕೊಡಬೇಕು. ಅಂದರೆ ಕೆಳಗಿನ ಮನೆಯವರು ನಾಳೆ ಛಾವಣಿಗೆ ದಾವೆ ಹೂಡಿದರೆ, ಕಂಪನಿ ಕಟ್ಟುವ ಹಣ ನನ್ನ ಜೇಬಿನಿಂದ! ವಕೀಲರಿಗೆ ತೋರಿಸದೆ ಸಹಿ ಹಾಕಿದ್ದರೆ ಬಂದಿದ್ದಕ್ಕಿಂತ ಹೋಗುವುದೇ ಜಾಸ್ತಿ ಆಗುತ್ತಿತ್ತು. ಆ ಸಾಲು ಹೊಡೆದು ಹಾಕಿಸಿ ಸಹಿ ಮಾಡಿದೆ. ಸೋತು ಮಾಡಿದ ಸಹಿ ಅದು, ಮುಚ್ಚಿಡುವುದೇನಿದೆ.

ಛಾವಣಿಯ ಲೆಕ್ಕ ಕೆಳಗಿನವರಿಗೂ ಕಂಪನಿಗೂ ನಡುವೆ ಇನ್ನೂ ನಡೆಯುತ್ತಿದೆ. ನನ್ನ ಮಸುಕು ಫೋಟೋವನ್ನು ಅವರಿಗೂ ಕೊಟ್ಟಿದ್ದೇನೆ.

ಅವತ್ತು ಆ ಹುಡುಗ ಹಾಕಿಹೋದ ಉಚಿತ ಪೈಪನ್ನು ಆಮೇಲೆ ಬಿಚ್ಚಿ ನೋಡಿದೆ. ಅದರಲ್ಲೂ ಅದೇ ಬಿಳಿ ನಟ್ಟು, ಅದೇ ಅಚ್ಚಿನ ಗುರುತು. ಈಗ ಮಷೀನಿಗೆ ಹಿತ್ತಾಳೆ ನಟ್ಟಿನ ಬೇರೆ ಪೈಪ್ ಹಾಕಿಸಿದ್ದೇನೆ. ಒಗೆದು ಮುಗಿದ ಕೂಡಲೇ ನಲ್ಲಿ ಮುಚ್ಚುತ್ತೇನೆ. ಉಚಿತ ಪೈಪನ್ನು ಕವರಿನಲ್ಲಿ ಹಾಕಿ, ತಾರೀಖು ಬರೆದು, ಕೆಳಗಿನ ಮನೆಯವರಿಗೆ ಕೊಟ್ಟೆ. ರಸೀದಿ ಬರೆಸಿಕೊಂಡೇ ಕೊಟ್ಟೆ.