ಒಬ್ಬರೇ ಬ್ರೇಕ್ ಆಯಿಲ್ ಬದಲಿಸಲು ನೆರವಾಗುವ ಬ್ಲೀಡರ್ ಬಾಟಲಿ

ಹೊರಬಂದ ದ್ರವ, ಗಾಳಿ ಹಿಂದಿರುಗದಂತೆ ತಡೆಯುವ ಒಮ್ಮುಖ ವಾಲ್ವ್ ಇರುವ ಈ ಬಾಟಲಿಯಿಂದಾಗಿ, ಪೆಡಲ್ ಒತ್ತಲು ಮತ್ತೊಬ್ಬರನ್ನು ಕೂರಿಸಿಕೊಳ್ಳದೆ, ಬೊಲೆರೊದ ಬ್ರೇಕ್ ಆಯಿಲನ್ನು ಮನೆಯಂಗಳದಲ್ಲೇ ಬದಲಿಸಲು ಸಾಧ್ಯವಾಯಿತು. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲಿನ ಕುದಿಬಿಂದು ಕ್ರಮೇಣ ಇಳಿಯುತ್ತದೆ. ಆದ್ದರಿಂದ ಸೀಲ್ ಒಡೆಯದ ಡಬ್ಬಿಯನ್ನೇ ಬಳಸಬೇಕು. ಪಾರದರ್ಶಕ ಕೊಳವೆಯಲ್ಲಿ ಕಂದು ದ್ರವ ಗುಳ್ಳೆಗಳೊಡನೆ ಸಾಗಿ, ಕೊನೆಗೆ ತಿಳಿಹಳದಿ ಬಣ್ಣ ಬರುವುದು ಚೆನ್ನಾಗಿ ಕಾಣುತ್ತದೆ. ಆದರೆ ಕೊಳವೆಯು ಚಕ್ರದ ಬಳಿ ಹಳೆಯ ದ್ರವ ಹೊರಬರುವ ನಿಪ್ಪಲ್‌ಗೆ ಸಡಿಲವಾಗಿ ಕೂರುವುದು ದೊಡ್ಡ ಕೊರತೆ, ಏಕೆಂದರೆ ಚೆಲ್ಲಿದ ದ್ರವ ಪೇಂಟನ್ನು ಹಾಳುಮಾಡುತ್ತದೆ. ಕೇಬಲ್ ಟೈ ಬಿಗಿದೇ ಕೆಲಸ ಮಾಡಬೇಕಾಯಿತು. ಜೊತೆಗೆ ಕೊಟ್ಟಿರುವ ಸಿರಿಂಜಂತೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್‌ಗೆ ಗೇರ್ ಆಯಿಲ್ ತುಂಬಲು ತೀರ ಚಿಕ್ಕದು. ಅಲ್ಲಿ ಆಯಿಲ್ ತುಂಬುವ ಮೇಲಿನ ಬೋಲ್ಟ್ ಸಡಿಲವಾಗುವುದನ್ನು ಖಚಿತಪಡಿಸಿಕೊಂಡ ನಂತರವೇ ಆಯಿಲ್ ಬಸಿಯುವ ಕೆಳಗಿನ ಬೋಲ್ಟಿಗೆ ಕೈಹಾಕಬೇಕು. ಇಲ್ಲವಾದರೆ ಆಯಿಲ್ ಬಸಿದ ಮೇಲೆ ತುಂಬಲು ದಾರಿಯಿಲ್ಲದೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.