ಈಜುಡುಪಿನಿಂದ ಎದ್ದ ದದ್ದಿಗೆ ಮೆಡಿಕಲ್ ಶಾಪಿನ ಟ್ಯೂಬ್ ಹಚ್ಚಬೇಡಿ

ಬೇಸಿಗೆ ರಜೆ ಹತ್ತಿರ ಬಂತು. ಬೆಂಗಳೂರಿನ ಬಡಾವಣೆಗಳಲ್ಲಿ ಈಜು ಶಿಬಿರದ ಬ್ಯಾನರ್‌ಗಳು ಆಗಲೇ ಕಾಣುತ್ತಿವೆ. ಮಗುವನ್ನು ಸೇರಿಸುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ಚಿಕ್ಕಂದಿನಿಂದ ಒಣ ಚರ್ಮ, ತುರಿಕೆ ಇರುವ ಮಕ್ಕಳ ಅಪ್ಪ ಅಮ್ಮ ಅಂತೂ ತಪ್ಪದೆ ಓದಿ. ಕಳೆದ ವರ್ಷ ನನ್ನ ಮಗಳು ಪಟ್ಟ ಪಾಡು ಬೇರೆ ಮಕ್ಕಳಿಗೆ ಬರಬಾರದು.

ಶಿಬಿರದವರು ಫೀಸು ಕಟ್ಟಿಸಿಕೊಂಡು, ಅವರದೇ ಈಜುಡುಪು ಕೊಟ್ಟರು. ಕಡುನೀಲಿ ಬಣ್ಣ, ಮೈಗೆ ಅಂಟಿಕೊಳ್ಳುವ ಪಾಲಿಯೆಸ್ಟರ್ ಬಟ್ಟೆ. ಎಲ್ಲ ಮಕ್ಕಳೂ ಅದನ್ನೇ ಹಾಕಬೇಕು ಅಂತ ನಿಯಮ. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ರಾತ್ರಿ ಹೊತ್ತು ತುರಿಕೆ ಶುರುವಾಯಿತು. ತೊಡೆಸಂದು, ಸೊಂಟದ ಸುತ್ತ, ಕಂಕುಳಿನ ಅಂಚು, ಎಲ್ಲೆಲ್ಲಿ ಬಟ್ಟೆ ಉಜ್ಜುತ್ತದೋ ಅಲ್ಲೆಲ್ಲ ಕೆಂಪು ದದ್ದು. ನಮ್ಮತ್ತೆ ಬೆವರುಸಾಲೆ ಇರಬೇಕು ಅಂದರು. ಕೋಚ್ ಅದು ಕ್ಲೋರಿನ್, ಒಗ್ಗಿಹೋಗುತ್ತದೆ ಅಂದರು. ಮೆಡಿಕಲ್ ಶಾಪಿನವರು ಫೋನಿನಲ್ಲಿದ್ದ ಫೋಟೋ ನೋಡಿ, "ಹುಳುಕಡ್ಡಿ ಮೇಡಂ, ಇದನ್ನ ಹಚ್ಚಿ, ಎರಡೇ ದಿನಕ್ಕೆ ಹೋಗುತ್ತೆ" ಅಂತ ಒಂದು ಟ್ಯೂಬ್ ಕೊಟ್ಟರು.

ಹೇಳಿದ ಹಾಗೆ ಹೋಯಿತು ಕೂಡ. ಇದರಲ್ಲಿರುವ ಅಪಾಯವೇ ಅದು.

ಆ ಟ್ಯೂಬಿನಲ್ಲಿ ಇದ್ದದ್ದು ಕ್ಲೋಬೆಟಾಸಾಲ್ ಎಂಬ ಸ್ಟೀರಾಯ್ಡ್. ಜೊತೆಗೆ ಫಂಗಸ್‌ಗೆ ಒಂದು ಔಷಧ, ಬ್ಯಾಕ್ಟೀರಿಯಾಕ್ಕೆ ಇನ್ನೊಂದು. ಏನಿದ್ದರೂ ಒಂದಕ್ಕೆ ತಗುಲಲಿ ಅಂತ ಎಲ್ಲವನ್ನೂ ಬೆರೆಸಿದ ಮುಲಾಮು. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಕ್ಲೋಬೆಟಾಸಾಲ್ ಅತಿ ಪ್ರಬಲ ಗುಂಪಿಗೆ ಸೇರಿದ್ದು. ಮಕ್ಕಳ ಚರ್ಮ ತೆಳು, ತೊಡೆಸಂದಿನದು ಇನ್ನೂ ತೆಳು. ಅಲ್ಲಿ ಹಚ್ಚಿದ್ದು ಜಾಸ್ತಿ ಒಳಗೆ ಇಳಿಯುತ್ತದೆ. ಕೆಂಪು ಮಾಯವಾಗುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಉಡುಪು ಮತ್ತೆ ಹಾಕಿದಾಗ ದದ್ದು ಇನ್ನೂ ಜೋರಾಗಿ ಬರುತ್ತದೆ, ಮತ್ತೆ ಟ್ಯೂಬ್. ನಮ್ಮ ಮನೆಯಲ್ಲಿ ಹೀಗೇ ನಡೆಯಿತು. ಕೊನೆಗೆ ಮಗಳ ತೊಡೆಯ ಒಳಭಾಗದ ಚರ್ಮ ತೆಳ್ಳಗೆ ಹೊಳೆಯತೊಡಗಿತು, ನರಗಳು ಕಾಣುತ್ತಿದ್ದವು. ಬಿಸಿನೀರು ಬಿದ್ದರೆ ಉರಿ ಅಂತ ಕಿರುಚುತ್ತಿದ್ದಳು. ನಿಜಕ್ಕೂ ಫಂಗಸ್ಸೇ ಇದ್ದಿದ್ದರೂ ಈ ಟ್ಯೂಬ್ ಕೆಟ್ಟದ್ದೇ. ಸ್ಟೀರಾಯ್ಡ್ ಅದರ ಗುರುತು ಅಳಿಸಿ, ಹರಡಲು ದಾರಿ ಮಾಡಿಕೊಡುತ್ತದೆ. ಇಂಥ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇನ್ನೂ 14 ಸ್ಟೀರಾಯ್ಡ್‌ಗಳಿಗೆ ಚೀಟಿ ಕಡ್ಡಾಯ ಮಾಡಿತು. ಆದರೂ ಕೌಂಟರಿನಲ್ಲಿ ಕೇಳಿದವರಿಗೆಲ್ಲ ಕೊಡುತ್ತಿದ್ದಾರೆ. ನನಗೆ ಇವತ್ತಿಗೂ ಇದನ್ನು ನೆನೆದರೆ ಸಿಟ್ಟು ಬರುತ್ತದೆ.

ಎರಡನೇ ಪೆಟ್ಟು ರಕ್ತ ಪರೀಕ್ಷೆಯದು. ಯಾರೋ ಅಲರ್ಜಿ ಟೆಸ್ಟ್ ಮಾಡಿಸಿ ಅಂದರು. ಒಂದು ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಪ್ಯಾಕೇಜಿನ ಬೆಲೆ ಸಾವಿರಗಳಲ್ಲಿ. ರಿಪೋರ್ಟಿನಲ್ಲಿ ಹಾಲು, ಮೊಟ್ಟೆ, ಕಡಲೆಕಾಯಿ, ಗೋಧಿ ಮುಂದೆ ಕೆಂಪು ಗೆರೆ. ಇಷ್ಟು ದಿನ ಇವನ್ನೆಲ್ಲ ಚೆನ್ನಾಗಿ ತಿನ್ನುತ್ತಿದ್ದ ಮಗುವಿಗೆ ಎಲ್ಲ ನಿಂತಿತು. ಮಗಳು ಸೊರಗಿದಳು, ದದ್ದು ಮಾತ್ರ ಹಾಗೇ ಇತ್ತು. ಆ ಪರೀಕ್ಷೆ ನೋಡುವುದು ಐಜಿಇ ಎಂಬ ಅಂಶವನ್ನು. ತಿಂದ ಸ್ವಲ್ಪ ಹೊತ್ತಿಗೇ ಗಂಧೆ ಏಳುವುದು, ತುಟಿ ಊದುವುದು, ಅಂಥ ಅಲರ್ಜಿಗೆ ಅದು ಬೇಕು. ಬಟ್ಟೆ ತಾಗಿ ಬರುವ ಅಲರ್ಜಿಯ ದಾರಿಯೇ ಬೇರೆ, ಅದು ಆ ರಿಪೋರ್ಟಿನಲ್ಲಿ ಸಿಗುವುದೇ ಇಲ್ಲ.

ಕೊನೆಗೆ ಒಂದು ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಹೋದೆವು. ಅಲ್ಲಿನ ಡಾಕ್ಟರಮ್ಮ ಮೊದಲು ಕೇಳಿದ್ದು, "ಡ್ರೆಸ್ ತಂದಿದ್ದೀರಾ?" ಅಂತ. ಉಡುಪನ್ನು ಮಗಳ ಮೈಮೇಲೆ ಹಿಡಿದು ತೋರಿಸಿದರು. ದದ್ದಿನ ಗೆರೆ, ಉಡುಪಿನ ಗೆರೆ ಎರಡೂ ಒಂದೇ. ಕಂಕುಳಿನ ಒಳಗುಳಿ ಸ್ವಚ್ಛವಾಗಿತ್ತು, ಬಟ್ಟೆ ಉಜ್ಜುವ ಅಂಚಿನಲ್ಲಿ ಮಾತ್ರ ಕೆಂಪು. ಬಟ್ಟೆಯ ಅಲರ್ಜಿಗೆ ಅದು ದೊಡ್ಡ ಸುಳಿವಂತೆ.

ಆಮೇಲೆ ಪ್ಯಾಚ್ ಟೆಸ್ಟ್ ಮಾಡಿದರು. ಚರ್ಮ ಸುಧಾರಿಸಿ, ಸ್ಟೀರಾಯ್ಡ್ ಬಿಟ್ಟ ಮೇಲೇ ಅದನ್ನು ಮಾಡುವುದು. ಅಲರ್ಜಿ ತರಬಹುದಾದ ವಸ್ತುಗಳ ಸಣ್ಣ ಸಣ್ಣ ಪಟ್ಟಿಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಡುತ್ತಾರೆ. ತೆಗೆದು ಒಮ್ಮೆ ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಅಷ್ಟು ದಿನ ಬೆನ್ನು ನೆನೆಯಬಾರದು, ಬೆವರಬಾರದು. ಮಕ್ಕಳಿಗೆ ಇದು ಕಷ್ಟ, ಆದರೆ ಸೂಜಿ ಇಲ್ಲ. ಬಟ್ಟೆಯ ಬಣ್ಣಗಳನ್ನು ಪರೀಕ್ಷಿಸುವ ಪಟ್ಟಿಗಳು ಎಲ್ಲ ಕಡೆ ಇರುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ನಮ್ಮ ಮಗಳಿಗೆ ಡಿಸ್ಪರ್ಸ್ ಬ್ಲೂ 106 ಮತ್ತು 124 ಎಂಬ ಎರಡು ಬಣ್ಣಗಳ ಜಾಗ ಕೆಂಪಾಗಿ ಊದಿತು.

ಈ ಡಿಸ್ಪರ್ಸ್ ಬಣ್ಣಗಳನ್ನು ಹೆಚ್ಚಾಗಿ ಪಾಲಿಯೆಸ್ಟರ್, ಅಸಿಟೇಟ್ ಬಟ್ಟೆಗೆ ಹಾಕುತ್ತಾರೆ. ಬರೀ ನೀಲಿಗೆ ಅಲ್ಲ, ಕಪ್ಪು, ನೇರಳೆ, ಕಡುಹಸಿರಿನ ಮಿಶ್ರಣದಲ್ಲೂ ಇರಬಹುದು. ಹತ್ತಿಗೆ ಹಾಕುವ ಹಲವು ಬಣ್ಣಗಳು ನೂಲಿಗೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ. ಇವು ಹಾಗಲ್ಲ, ನೂಲಿನೊಳಗೆ ಸುಮ್ನೆ ಕೂತಿರುತ್ತವೆ. ಬೆವರು, ತಿಕ್ಕಾಟ ಸೇರಿದರೆ ಚರ್ಮಕ್ಕೆ ಇಳಿಯುತ್ತವೆ. ಬಕೆಟಿನಲ್ಲಿ ನೆನೆಸಿದಾಗ ಬಣ್ಣ ಬಿಡದಿದ್ದರೆ ಅಪಾಯ ಇಲ್ಲ ಅಂದುಕೊಳ್ಳಬೇಡಿ. ಹಲವು ಸಲ ಒಗೆದರೂ ಅಲರ್ಜಿ ಇರುವ ಮಗುವಿಗೆ ಅದು ಆಗಿಬರುತ್ತದೆ ಅನ್ನುವ ಭರವಸೆ ಇಲ್ಲ. ಇನ್ನೊಂದು ತೊಡಕು, ದದ್ದು ಏಳುವುದು ಒಂದೆರಡು ದಿನ ತಡವಾಗಿ. ಭಾನುವಾರ ಈಜಿದರೆ ಮಂಗಳವಾರ ತುರಿಕೆ. ಹಾಗಾಗಿ ಮಂಗಳವಾರ ತಿಂದದ್ದರ ಮೇಲೆ ಎಲ್ಲರಿಗೂ ಅನುಮಾನ.

ಡಾಕ್ಟರಮ್ಮ ಮದುವೆ ಮನೆಯಲ್ಲಿ ಕಪ್ಪು ಮೆಹೆಂದಿ ಹಾಕಿಸಿದ್ದೀರಾ ಅಂತಲೂ ಕೇಳಿದರು. ಕಡುಕಪ್ಪು ಬರಲಿ ಅಂತ ಕೋನ್‌ಗೆ ಪಿಪಿಡಿ ಎಂಬ ಕೂದಲ ಬಣ್ಣದ ರಾಸಾಯನಿಕ ಬೆರೆಸುವವರಿದ್ದಾರೆ. ಅದಕ್ಕೆ ಒಮ್ಮೆ ಅಲರ್ಜಿ ಹತ್ತಿದರೆ ಜೀವನಪೂರ್ತಿ ಉಳಿಯಬಹುದು, ಬಟ್ಟೆಯ ಕೆಲವು ಬಣ್ಣಗಳಿಗೂ ಚರ್ಮ ಸಿಡಿಮಿಡಿಗೊಳ್ಳಬಹುದು. ಮಕ್ಕಳ ಕೈಗೆ ಅದು ಬೇಡವೇ ಬೇಡ. ಮನೆಯಲ್ಲಿ ಅರೆದ ಸೊಪ್ಪಿನ ಗೋರಂಟಿ ಸಾಕಲ್ವಾ?

ಎಲ್ಲ ದದ್ದಿಗೂ ಬಣ್ಣವೇ ಕಾರಣ ಅಲ್ಲ. ಸೊಂಟದ ಎಲಾಸ್ಟಿಕ್ ಜಾಗದಲ್ಲಿ ಮಾತ್ರ ಇದ್ದರೆ ರಬ್ಬರಿಗೆ ಸೇರಿಸುವ ರಾಸಾಯನಿಕ ಇರಬಹುದು. ಅಂಥ ಚಡ್ಡಿಗಳನ್ನು ಬ್ಲೀಚ್‌ನಲ್ಲಿ ನೆನೆಸಬೇಡಿ, ಕೆಲವು ಸಲ ಅದರಿಂದಲೇ ಹೊಸ ಅಲರ್ಜಿಕಾರಕ ಹುಟ್ಟುತ್ತದೆ. ಹೊಕ್ಕುಳ ಕೆಳಗೆ ರೂಪಾಯಿ ಅಗಲದ ಕಜ್ಜಿ ಇದ್ದರೆ ಜೀನ್ಸ್ ಗುಂಡಿಯ ನಿಕಲ್ ಕಡೆ ನೋಡಿ. ಕಣ್ಣಿನ ಸುತ್ತ ಆದರೆ ಈಜು ಕನ್ನಡಕದ ರಬ್ಬರು.

ಈಗ ಮಗಳ ಚರ್ಮ ಬಹುಪಾಲು ಸರಿಹೋಗಿದೆ. ತೊಡೆಯ ಒಳಗೆ ಬಿಳಿ ಗೆರೆಗಳು ಉಳಿದಿವೆ, ಅವು ಪೂರ್ತಿ ಹೋಗಲಿಕ್ಕಿಲ್ಲವಂತೆ. ದಿನದ ಬಟ್ಟೆ ಸಡಿಲವಾದ ಹತ್ತಿಯದು. ಹೊಸದನ್ನು ಒಗೆಯದೆ ಹಾಕುವುದಿಲ್ಲ, ಸುಕ್ಕಾಗದ ಬಟ್ಟೆಗೆ ಹಾಕುವ ಫಾರ್ಮಾಲ್ಡಿಹೈಡ್ ಒಗೆತಕ್ಕೆ ಕಡಿಮೆಯಾಗುತ್ತದೆ. ಈಜಿಗೆ ಬಿಳಿ ಉಡುಪು ತಂದಿದ್ದೇವೆ. ಸ್ಕಿನ್ ಫ್ರೆಂಡ್ಲಿ ಅಂತ ಬರೆದಿರುವುದನ್ನು ನಂಬುವುದಿಲ್ಲ. ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಇದೆಯಾ ಅಂತ ಪರೀಕ್ಷಿಸಿ ಕೊಡುವ ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಲೇಬಲ್ ಇದ್ದರೆ ಅಲರ್ಜಿ ತರುವ ಡಿಸ್ಪರ್ಸ್ ಬಣ್ಣಗಳಿಗೂ ಪರೀಕ್ಷೆ ಆಗಿರುತ್ತದೆ, ಅದರ ಮೇಲಿನ ನಂಬರನ್ನು ಅವರ ತಾಣದಲ್ಲಿ ಹಾಕಿ ನೋಡಬಹುದು. ಕೊಳದಿಂದ ಬಂದ ಕೂಡಲೇ ಉಡುಪು ಬಿಚ್ಚಿ, ಉಗುರುಬೆಚ್ಚಗಿನ ನೀರಲ್ಲಿ ಸ್ನಾನ, ಮೈ ಆರುವ ಮೊದಲೇ ಮಾಯಿಶ್ಚರೈಸರ್.

ಶಾಲೆಯ ವಾರ್ಷಿಕೋತ್ಸವಕ್ಕೆ ಬಾಡಿಗೆಗೆ ತರುವ ಮಿರಿಮಿರಿ ಡ್ರೆಸ್ಸುಗಳೂ ಬಹುಪಾಲು ಪಾಲಿಯೆಸ್ಟರ್. ಟೀಚರ್ ಹತ್ತಿರ ಮಾತಾಡಿ ಒಳಗೆ ತೋಳಿರುವ ಹತ್ತಿ ಬನಿಯನ್, ಹತ್ತಿ ಪ್ಯಾಂಟ್ ಹಾಕಿಸುತ್ತೇವೆ.

ಹಳೆಯ ಶಿಬಿರದವರು ಡಾಕ್ಟರ ಪತ್ರ ತೋರಿಸಿದರೂ ಬೇರೆ ಉಡುಪಿಗೆ ಒಪ್ಪಲಿಲ್ಲ, ಫೀಸನ್ನೂ ವಾಪಸ್ ಕೊಡಲಿಲ್ಲ. ಅದಕ್ಕೇ ದುಡ್ಡು ಕಟ್ಟುವ ಮೊದಲು ಕೇಳಿ: ಮಗು ತನ್ನದೇ ಉಡುಪು ಹಾಕಬಹುದಾ, ಚರ್ಮಕ್ಕೆ ಆಗದಿದ್ದರೆ ಫೀಸು ವಾಪಸ್ ಕೊಡುತ್ತೀರಾ ಅಂತ. ಉತ್ತರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಈ ವರ್ಷ ನಾವು ಸೇರಿಸುತ್ತಿರುವ ಕಡೆ ಪತ್ರ ನೋಡಿದ ಕೂಡಲೇ ಒಪ್ಪಿದರು.