ವೀಲ್ ಲಾಕ್ ನಟ್ ಬಿಚ್ಚಿಸಲು ಮೂರು ಕಡೆ ಅಲೆದೆ: ಯಾರು ವಾಸಿ?

ಹಾಸನಕ್ಕೆ ಹೋಗುವ ದಾರಿಯಲ್ಲಿ, ಬೆಳ್ಳೂರು ಕ್ರಾಸ್ ಹತ್ತಿರ, ಹಿಂದಿನ ಎಡಗಡೆ ಟೈರು ಠುಸ್ ಅಂದಿತು. ಡಿಕ್ಕಿ ತೆಗೆದೆ. ಸ್ಟೆಪ್ನಿ ಇತ್ತು, ಜಾಕಿ ಇತ್ತು, ವೀಲ್ ಸ್ಪ್ಯಾನರ್ ಇತ್ತು. ಐದು ನಟ್ಟಲ್ಲಿ ನಾಲ್ಕು ಸಲೀಸಾಗಿ ಸಡಿಲವಾದವು. ಐದನೆಯದು ದುಂಡಗಿತ್ತು, ಸ್ಪ್ಯಾನರ್ ಹಿಡಿಯಲು ಮೂಲೆಯೇ ಇಲ್ಲ. ಮುಖದ ಮೇಲೆ ಹೂವಿನ ಎಸಳಿನ ಹಾಗೆ ಕೊರೆದ ಕಚ್ಚು ಮಾತ್ರ.

ಇದೇ ಲಾಕ್ ನಟ್. ಅಲಾಯ್ ವೀಲ್ ಕದಿಯಬಾರದು ಅಂತ ಒಂದೊಂದು ಚಕ್ರಕ್ಕೆ ಒಂದೊಂದು ಹಾಕುತ್ತಾರೆ. ನಾಲ್ಕು ನಟ್ಟಿಗೆ ಸೇರಿ ಒಂದೇ ಕೀ. ಕೀ ಅಂದರೆ ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ತುಂಡು. ಅದನ್ನು ನಟ್ಟಿನ ಕಚ್ಚಿಗೆ ಕೂರಿಸಿ, ಅದರ ಮೇಲೆ ಸ್ಪ್ಯಾನರ್ ಹಾಕಿ ತಿರುಗಿಸಬೇಕು. ಕಾರು ತಗೊಂಡಾಗ ಶೋರೂಮಿನವರೇ "ಹಾಕಿಸಿಬಿಡಿ ಸಾರ್, ಈಗ ಕಳ್ಳತನ ಜಾಸ್ತಿ" ಅಂತ ಬಿಲ್ಲಿಗೆ ಸೇರಿಸಿದ್ದರು. ನಾನೂ ಹೂಂ ಅಂದಿದ್ದೆ.

ಕೀ ಗ್ಲೋವ್ ಬಾಕ್ಸಿನಲ್ಲಿ ಇರಬೇಕಿತ್ತು. ಇರಲಿಲ್ಲ. ತಿಂಗಳ ಹಿಂದೆ ಸರ್ವೀಸಿಗೆ ಬಿಟ್ಟಾಗ ಟೈರುಗಳನ್ನು ಹಿಂದೆ ಮುಂದೆ ಬದಲಾಯಿಸಿದ್ದರು. ಅಂದು ತೆಗೆದ ಕೀ ವಾಪಸ್ ಬಂದಿಲ್ಲ. ಬಿಸಿಲಲ್ಲಿ ರಸ್ತೆ ಪಕ್ಕ ಕೂತಾಗ ಇದೆಲ್ಲ ಹೊಳೆಯಿತು.

ಆಮೇಲೆ ಮೂರು ಕಡೆ ಈ ನಟ್ಟುಗಳನ್ನು ಬಿಚ್ಚಿಸಲು ನೋಡಿದೆ.

ಹೆದ್ದಾರಿ ಪಂಚರ್ ಅಂಗಡಿ

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದ್ದರೆ ಚಕ್ರ ಬಿಚ್ಚದೆ ಅಲ್ಲೇ ದಾರ ತುರುಕಿ ಕಳಿಸಬಹುದಿತ್ತು. ನನ್ನದು ಪಕ್ಕದ ಗೋಡೆ ಸೀಳಿತ್ತು. ಅದಕ್ಕೆ ಪಂಚರ್ ಹಾಕಲು ಆಗುವುದಿಲ್ಲ, ಚಕ್ರ ಬಿಚ್ಚಲೇಬೇಕು.

ಅಂಗಡಿಯ ಹುಡುಗ ಬಗ್ಗಿ ನೋಡಿದ. "ಕೀ ಇಲ್ವಾ ಅಣ್ಣ?" ಅಂದ. ಇಲ್ಲ ಅಂದೆ. ಒಳಗೆ ಹೋಗಿ, ನಟ್ಟಿನ ಮೇಲೆ ಟೋಪಿಯ ಹಾಗೆ ಕೂರುವ ಒಂದು ಹಳೇ ಸಾಕೆಟ್ ತಂದ. ಒಳಗಡೆ ಹನ್ನೆರಡು ಮೂಲೆ ಇರುವಂಥದ್ದು, ನಟ್ಟಿಗಿಂತ ಕೂದಲೆಳೆಯಷ್ಟು ಚಿಕ್ಕದು. ಅದನ್ನು ನಟ್ಟಿನ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆದ. ಆರೇಳು ಏಟಿಗೆ ಸಾಕೆಟ್ ನಟ್ಟನ್ನು ಕಚ್ಚಿಕೊಂಡು ಕೂತಿತು. ಸ್ಪ್ಯಾನರಿಗೆ ಉದ್ದದ ಪೈಪು ತೊಡಿಸಿ ತನ್ನ ಭಾರ ಬಿಟ್ಟ. ಟಕ್ ಅಂತ ಸದ್ದು ಬಂತು, ನಟ್ಟು ಸಡಿಲವಾಯಿತು. ಐದು ನಿಮಿಷವೂ ಆಗಿರಲಿಲ್ಲ. ಕಳ್ಳನಿಗೂ ಇಷ್ಟೇ ಸಾಕಲ್ವಾ ಅಂತ ಆಗಲೇ ಅನ್ನಿಸಿತ್ತು.

ಖಾಲಿಯಾದ ಬೋಲ್ಟಿಗೆ ತನ್ನ ಡಬ್ಬಿಯಿಂದ ಒಂದು ಮಾಮೂಲಿ ನಟ್ಟು ಹುಡುಕಿದ. ಇಲ್ಲಿ ಅವನ ಮೇಲೆ ಗೌರವ ಹುಟ್ಟಿತು. 12 ಮಿ.ಮೀ. ಬೋಲ್ಟಿಗೆ 1.5 ಪಿಚ್ ನಟ್ಟೂ ಬರುತ್ತದೆ, 1.25 ಪಿಚ್ ನಟ್ಟೂ ಬರುತ್ತದೆ. ಪಿಚ್ ಅಂದರೆ ಮರೆಯ, ಅಂದರೆ ತಿರುಪಿನ ಸುತ್ತುಗಳ, ನಡುವಿನ ಅಂತರ. ಕಣ್ಣಿಗೆ ಎರಡೂ ಒಂದೇ. ತಪ್ಪಿದ್ದನ್ನು ಬಲವಂತವಾಗಿ ತಿರುಗಿಸಿದರೆ ಬೋಲ್ಟಿನ ಮರೆ ಹಾಳು. ಅವನು ಮೂರು ನಟ್ಟನ್ನು ಬೆರಳಲ್ಲೇ ತಿರುಗಿಸಿ ನೋಡಿದ, ನಾಲ್ಕನೆಯದು ಸಲೀಸಾಗಿ ಬುಡದವರೆಗೂ ಹೋಯಿತು. ಆಮೇಲೇ ಸ್ಪ್ಯಾನರ್ ಮುಟ್ಟಿದ.

300 ರೂಪಾಯಿ ಕೊಟ್ಟೆ. ನಷ್ಟ ಏನೂ ಇಲ್ಲ ಅಂತಲ್ಲ. ಸಾಕೆಟ್ ಉಜ್ಜಿ ಅಲಾಯ್ ಮೇಲೆ, ನಟ್ಟಿನ ಗುಳಿಯ ಸುತ್ತ, ಬಿದಿಗೆ ಚಂದ್ರನ ಹಾಗೆ ಬಣ್ಣ ಹೋಗಿದೆ. ಈಗಲೂ ಕಾಣುತ್ತದೆ.

ಸರ್ವೀಸ್ ಸೆಂಟರ್

ಊರಿಗೆ ಬಂದ ಮೇಲೆ ಉಳಿದ ಮೂರು ನಟ್ಟಿಗಾಗಿ ಕೀ ಕಳೆದವರ ಹತ್ತಿರವೇ ಹೋದೆ. ಹೆಸರು ಬೇಡ.

ಅಡ್ವೈಸರ್ ಜಾಬ್ ಕಾರ್ಡ್ ತೆಗೆದು ನೋಡಿದರು. "ಕೀ ತಗೊಂಡಿದ್ದು ಇದರಲ್ಲಿ ಬರೆದಿಲ್ಲ ಸಾರ್" ಅಂದರು. ಬರೆಯಬೇಕಾದವರು ಅವರೇ! ಕೀ ಇಲ್ಲದೆ ನಾಲ್ಕೂ ಚಕ್ರ ಹೇಗೆ ಬಿಚ್ಚಿದಿರಿ ಅಂತ ಕೇಳಿದೆ. ಅದಕ್ಕೆ ಉತ್ತರವಿಲ್ಲ. ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ ಒಂದು ಡ್ರಾಯರ್ ಎಳೆದರು. ಒಳಗೆ ಗ್ರೀಸ್ ಹಿಡಿದ ಹನ್ನೊಂದು ಕೀ. ನನ್ನ ಹಾಗೆ ಇನ್ನೂ ಹನ್ನೊಂದು ಮಂದಿ ಯಾವುದೋ ರಸ್ತೆ ಪಕ್ಕ ಕೂರಲಿದ್ದಾರೆ ಅಂತ ಲೆಕ್ಕ ಹಾಕಿದೆ. ಒಂದೊಂದಾಗಿ ಕೂರಿಸಿ ನೋಡಿದರು. ಯಾವುದೂ ನನ್ನದಲ್ಲ.

ಕೀ ಒಂದನ್ನೇ ತರಿಸಲು ಕೋಡ್ ನಂಬರ್ ಬೇಕು. ಸೆಟ್ಟಿನ ಜೊತೆ ಬಂದಿದ್ದ ಚಿಕ್ಕ ಕಾರ್ಡಿನಲ್ಲಿ ಅದು ಇರುತ್ತದೆ. ಪುಣ್ಯಕ್ಕೆ ನನ್ನ ಹತ್ತಿರ ಇತ್ತು. ಕೊಟ್ಟೆ. ಹತ್ತು ದಿನ ಅಂದರು, ಹದಿನೇಳು ದಿನ ಆಯಿತು. ಬಂದ ಕೀ ಹೊಂದಲಿಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಹತ್ತಿರ ಹತ್ತಿರ ಹೊಂದುವ ಇನ್ನೊಂದು ಕೀ ಕೂರಿಸಿ ಟೆಕ್ನಿಷಿಯನ್, ಗಾಳಿಯ ಒತ್ತಡದಲ್ಲಿ ನಟ್ಟು ತಿರುಗಿಸುವ ಏರ್ ಗನ್ ಹಿಡಿದೇಬಿಟ್ಟರು. ಲಾಕ್ ನಟ್ಟಿಗೆ ಏರ್ ಗನ್ ಹಾಕಬಾರದು, ಕೈಯಲ್ಲೇ ತಿರುಗಿಸಬೇಕು. ಕಚ್ಚು ತೆಳ್ಳಗಿರುತ್ತದೆ, ಗನ್ನಿನ ಏಟು ತಡೆಯುವುದಿಲ್ಲ. ಮುಂದಿನ ಬಲಗಡೆ ನಟ್ಟಿನ ಎಸಳೆಲ್ಲ ಸವೆದು ತಟ್ಟೆಯಾಯಿತು.

ಕೊನೆಗೆ ಹೇಳಿದ್ದು: ಕೊರೆದು ತೆಗೆಯಬೇಕು, ಅಲಾಯ್‌ಗೆ ಏಟಾದರೆ ನಾವು ಹೊಣೆಯಲ್ಲ ಅಂತ ಸಹಿ ಹಾಕಿ, ಹೊಸ ಸೆಟ್ಟಿಗೆ 2,800. ನಾನು ಕಾರಿನ ಕೀ ವಾಪಸ್ ಇಸಿದುಕೊಂಡೆ. ಎರಡು ದಿನ ಬಿಟ್ಟು ಫೋನ್ ಬಂತು, ಫೀಡ್‌ಬ್ಯಾಕಿನಲ್ಲಿ ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ ಅಂತ.

ಒಂದು ಮಾತು ಅವರ ಪರವಾಗಿ. ಕಾಫಿ ಚೆನ್ನಾಗಿತ್ತು.

ಜೆ.ಸಿ. ರಸ್ತೆ ಟೈರ್ ಅಂಗಡಿ

ಬೆಂಗಳೂರಲ್ಲಿ ಕಾರಿನ ಸಾಮಾನು ಅಂದರೆ ಜೆ.ಸಿ. ರಸ್ತೆ. ಪಾರ್ಕಿಂಗ್ ಸಿಗುವುದೇ ಅಲ್ಲಿ ದೊಡ್ಡ ಕೆಲಸ. ಉಳಿದದ್ದು ಸುಲಭ.

ಅಂಗಡಿಯ ಯಜಮಾನರು ಕೀ ಬಗ್ಗೆ ಕೇಳಲೇ ಇಲ್ಲ. ಒಂದು ಪೆಟ್ಟಿಗೆ ತೆರೆದರು. ಅಳತೆವಾರು ಜೋಡಿಸಿದ ಸಾಕೆಟ್‌ಗಳು, ಒಳಗೆ ಓರೆಯಾಗಿ ಸುತ್ತಿದ ಹಲ್ಲು. ಬಿಚ್ಚುವ ದಿಕ್ಕಿಗೆ ತಿರುಗಿಸಿದಷ್ಟೂ ಹಲ್ಲು ನಟ್ಟಿನೊಳಕ್ಕೆ ಇಳಿಯುತ್ತದೆ. ಸುತ್ತಿಗೆಯಲ್ಲಿ ಎರಡೇ ಏಟು, ಆಮೇಲೆ ಉದ್ದ ಹಿಡಿಯ ಬಾರ್. ಗುಳಿಯ ಸುತ್ತ ಟೇಪು ಅಂಟಿಸಿಕೊಂಡಿದ್ದರಿಂದ ಅಲಾಯ್‌ಗೆ ಒಂದು ಗೆರೆಯೂ ಬೀಳಲಿಲ್ಲ. ಎರಡು ನಟ್ಟು ಹತ್ತು ನಿಮಿಷದಲ್ಲಿ ಬಂದವು. ಸರ್ವೀಸ್ ಸೆಂಟರಿನವರು ತಟ್ಟೆ ಮಾಡಿದ್ದ ಮೂರನೆಯದಕ್ಕೆ ಅರ್ಧ ಗಂಟೆ ಬೇಕಾಯಿತು. "ಇದಕ್ಕೆ ಯಾರೋ ಗನ್ ಹಾಕಿದ್ದಾರೆ" ಅಂದರು. ನಾನು ಸುಮ್ನಿದ್ದೆ.

ನಟ್ಟಿಗೆ 200ರಂತೆ 600. ಹೊಸ ಮಾಮೂಲಿ ನಟ್ಟುಗಳ ದುಡ್ಡು ಬೇರೆ. ಹಾಕುವಾಗ ಮ್ಯಾನ್ಯುಯಲ್ ನೋಡಿ, ಬಿಗಿ ಎಷ್ಟು ಅಂತ ಅಳೆಯುವ ಟಾರ್ಕ್ ರೆಂಚನ್ನು 110 ನ್ಯೂಟನ್ ಮೀಟರಿಗೆ ಇಟ್ಟು, ಎದುರುಬದುರು ನಟ್ಟು ಹಿಡಿದು ಬಿಗಿ ಮಾಡಿದರು. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ ಅಂದರು.

ಮೂರರಲ್ಲಿ ನನ್ನ ಓಟು ಇವರಿಗೇ. ದಾರಿಯಲ್ಲಿ ಸಿಕ್ಕಿಬಿದ್ದರೆ ಪಂಚರ್ ಅಂಗಡಿ, ಅಲಾಯ್ ಗೀಚಿದರೂ ಊರು ಸೇರುತ್ತೀರಿ. ಕಂಪನಿ ಸರ್ವೀಸ್ ಸೆಂಟರಿಗೆ ಎಂಜಿನ್ ಆಯಿಲ್ ಬದಲಾಯಿಸಲು ಹೋಗಿ. ಕಾರು ಬಿಡುವಾಗ ಲಾಕ್ ಕೀಯನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ವಾಪಸ್ ಬರುವಾಗ ಕೈಯಲ್ಲಿ ಹಿಡಿದು ನೋಡಿ.

ಮತ್ತೆ ಲಾಕ್ ನಟ್ ಬೇಕಾ?

ನನಗೆ ಬೇಡ. ಕಾರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ವಾಚ್‌ಮನ್ ಎದುರಿಗೆ ಮಲಗುತ್ತದೆ. ಈಗ ಇಪ್ಪತ್ತೂ ಮಾಮೂಲಿ ನಟ್ಟು.

ನಮ್ಮ ಭಾವನ ಕತೆ ಬೇರೆ. ಅವರ ಕಾರು ರಾತ್ರಿಯಿಡೀ ರಸ್ತೆಯಲ್ಲಿ. ಪಕ್ಕದ ಬೀದಿಯಲ್ಲಿ ಒಂದು ಬೆಳಿಗ್ಗೆ ಯಾರದೋ ಕಾರು ನಾಲ್ಕು ಇಟ್ಟಿಗೆ ಸಾಲಿನ ಮೇಲೆ ಕೂತಿತ್ತು. ಅವರಿಗೆ ಅದೇ ಜೆ.ಸಿ. ರಸ್ತೆಯಲ್ಲಿ ಹೊರಗಡೆ ಬಳೆ ತಿರುಗುವ ಲಾಕ್ ನಟ್ ಕೊಡಿಸಿದೆ. ಮೇಲೆ ಸಾಕೆಟ್ ಹೊಡೆದು ಕೂರಿಸಿದರೂ ಬಳೆ ಮಾತ್ರ ಗಿರಗಿರ ತಿರುಗುತ್ತದೆ, ನಟ್ಟು ಅಲ್ಲಾಡುವುದಿಲ್ಲ. ಬೆಳ್ಳೂರು ಕ್ರಾಸಿನ ಹುಡುಗನ ಉಪಾಯ ಇದಕ್ಕೆ ನಡೆಯುವುದಿಲ್ಲ. ಕಳ್ಳನಿಗೆ ಕಷ್ಟ ಕೊಡುವುದಾದರೆ ಇಂಥದ್ದೇ ಕೊಡಬೇಕು. ಆದರೆ ಕೀ ಇಲ್ಲದಿದ್ದರೆ ಕಾರಿನವರಿಗೂ ಅಷ್ಟೇ ಕಷ್ಟ.

ಮೊನ್ನೆ ಅವರು ಧರ್ಮಸ್ಥಳಕ್ಕೆ ಹೊರಟಿದ್ದರು. ಕೀ ಜೋಪಾನವಾಗಿದೆಯಾ ಭಾವ ಅಂತ ಕೇಳಿದೆ.

"ಅದರ ಚಿಂತೆ ಬಿಡು. ದೇವರ ಮನೆಯಲ್ಲಿ ಇಟ್ಟಿದ್ದೀನಿ" ಅಂದರು.